ಕಾರ್ಡ್ ಬದಲಾದರೂ ಕೈ ನಿಲ್ಲಬಾರದು: ಮ್ಯಾಂಡೊಲಿನ್ ಅಭ್ಯಾಸ ಹೀಗಿರಲಿ

ಮ್ಯಾಂಡೊಲಿನ್ ಕಲಿಯುವವರು ಕಾರ್ಡ್‌ಗಳನ್ನು ಒಂದು ಪಾಠವಾಗಿ, ಆರ್ಪೆಜಿಯೊಗಳನ್ನು ಇನ್ನೊಂದು ಪಾಠವಾಗಿ ನೋಡುವುದೇ ಜಾಸ್ತಿ. ಆದರೆ ಇರುವ ಸ್ವರಗಳು ಅವೇ ಅಲ್ವಾ? ಒಟ್ಟಿಗೆ ಮೀಟಿದರೆ ಕಾರ್ಡ್, ಬಿಡಿಬಿಡಿಯಾಗಿ ನುಡಿಸಿದರೆ ಆರ್ಪೆಜಿಯೊ. ಎರಡನ್ನೂ ಜೊತೆಯಲ್ಲೇ ಕಲಿತುಬಿಡಿ.

ಮೊದಲು ಶ್ರುತಿ. ದಪ್ಪ ತಂತಿಯಿಂದ ಶುರುಮಾಡಿ ಜಿ, ಡಿ, ಎ, ಇ. ಒಟ್ಟು 4 ಜೋಡಿ, 8 ತಂತಿ. ಜೋಡಿಯಲ್ಲಿ ಒಂದು ತಂತಿ ಚೂರು ಇಳಿದಿದ್ದರೂ ಕಾರ್ಡ್ ಕೆಡುತ್ತದೆ. ಬೇರೆ ಶ್ರುತಿ ಇಟ್ಟುಕೊಂಡವರಿಗೆ ಮುಂದಿನ ಸಂಖ್ಯೆಗಳು ಹೊಂದುವುದಿಲ್ಲ.

ಈಗ ಮೂರು ಕಾರ್ಡ್. ಫ್ರೆಟ್ (ವಾದ್ಯದ ಕುತ್ತಿಗೆಯ ಮೇಲಿನ ಅಡ್ಡ ಲೋಹಪಟ್ಟಿ) ಸಂಖ್ಯೆಯನ್ನು ದಪ್ಪ ತಂತಿಯಿಂದ ಓದಿ, 0 ಇದ್ದಲ್ಲಿ ಬೆರಳು ಬೇಡ. ಜಿ: 0-0-2-3. ಸಿ: 0-2-3-0. ಡಿ: 2-0-0-2. ತೋರುಬೆರಳು, ಮಧ್ಯದ ಬೆರಳು, ಇಷ್ಟೇ ಸಾಕು. ಜಿಯಿಂದ ಸಿಗೆ ಹೋಗುವಾಗ ಗಮನಿಸಿ: ಬೆರಳುಗಳ ಆಕಾರ ಬದಲಾಗುವುದೇ ಇಲ್ಲ, ಎರಡೂ ಒಂದೊಂದು ಜೋಡಿ ದಪ್ಪ ತಂತಿಯ ಕಡೆಗೆ ಸರಿಯುತ್ತವೆ. ಬೆರಳನ್ನು ಫ್ರೆಟ್ ಪಟ್ಟಿಯ ಹಿಂದೆಯೇ, ಅದಕ್ಕೆ ಹತ್ತಿರ ಒತ್ತಿ. ದೂರ ಒತ್ತಿದರೆ ತಂತಿ ಗರ್ರ್ ಅನ್ನುತ್ತದೆ.

ಮೆಟ್ರೊನೋಮ್ (ಲಯ ಎಣಿಸುವ ಸಾಧನ) ನಿಮಿಷಕ್ಕೆ 60 ಎಣಿಕೆಗೆ ಇಟ್ಟು ಜಿ, ಸಿ, ಡಿ, ಜಿ ನುಡಿಸಿ. ಒಂದೊಂದಕ್ಕೆ 4 ಎಣಿಕೆ. ಬದಲಾಯಿಸುವಾಗ ಕೈ ತಡೆದರೆ ವೇಗ ಇಳಿಸಿ, ನಾಚಿಕೆ ಏನೂ ಬೇಡ.

ಇನ್ನು ಆರ್ಪೆಜಿಯೊ. ಮೇಜರ್ ಕಾರ್ಡ್ ಅಂದರೆ ಸ-ಗ-ಪ. ಜಿಯನ್ನು ಷಡ್ಜ ಮಾಡಿಕೊಂಡರೆ ದಾರಿ ಹೀಗೆ: ಜಿ ತಂತಿ 0, 4, ಡಿ ತಂತಿ 0, 5, ಎ ತಂತಿ 2, 5, ಇ ತಂತಿ 3. ಎರಡನೇ ಫ್ರೆಟ್‌ಗೆ ತೋರುಬೆರಳು, 3 ಮತ್ತು 4ಕ್ಕೆ ಮಧ್ಯದ್ದು, 5ಕ್ಕೆ ಉಂಗುರ ಬೆರಳು. ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಒಮ್ಮೆ ಕೆಳಗೆ, ಒಮ್ಮೆ ಮೇಲೆ. ತಂತಿ ದಾಟುವಾಗಲೂ ಈ ಕ್ರಮ ತಪ್ಪಬಾರದು. ಬಹಳ ಜನ ಎಡವುವುದು ಇಲ್ಲೇ.

ಮುಖ್ಯವಾದ ಕೆಲಸ ಈಗ ಬಂತು. ಕಾರ್ಡ್ ಬದಲಾದಾಗಲೆಲ್ಲ ಮತ್ತೆ ಕೆಳಗಿನ ಸ್ವರದಿಂದ ಶುರುಮಾಡಿದರೆ ಅದು ಸುಮ್ನೆ ಕಸರತ್ತು, ಸಂಗೀತದಂತೆ ಕೇಳುವುದಿಲ್ಲ. ಮುಂದಿನ ಕಾರ್ಡ್‌ನಲ್ಲಿ ಹತ್ತಿರ ಯಾವ ಸ್ವರ ಇದೆಯೋ ಅದಕ್ಕೇ ಕಾಲಿಡಿ. ಎಣಿಕೆಗೆ ಒಂದು ಸ್ವರದಂತೆ ಇದನ್ನು ನುಡಿಸಿ ನೋಡಿ:

ಜಿ: ಡಿ ತಂತಿ 0, 5; ಎ ತಂತಿ 5, 2.
ಸಿ: ಎ ತಂತಿ 3, ಇ ತಂತಿ 0, 3, 0.
ಡಿ: ಇ ತಂತಿ 2, ಎ ತಂತಿ 5, 0, ಇ ತಂತಿ 2.
ಕೊನೆಗೆ ಜಿ: ಇ ತಂತಿ 3.

ಜಿಯಿಂದ ಸಿಗೆ ದಾಟಿದ್ದು ಒಂದೇ ಫ್ರೆಟ್, ಎ ತಂತಿಯ 2ರಿಂದ 3ಕ್ಕೆ. ಡಿಯಿಂದ ಜಿಗೆ ಮರಳಿದ್ದೂ ಹಾಗೇ. ಪಕ್ಕದಲ್ಲಿ ಯಾರೂ ಕಾರ್ಡ್ ಮೀಟದಿದ್ದರೂ ಬದಲಾವಣೆ ಕಿವಿಗೆ ಸ್ಪಷ್ಟ. ನಿಮ್ಮ ಮೀಟುವಿಕೆಯನ್ನೇ ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಅದರ ಮೇಲೆ ಇದನ್ನು ನುಡಿಸಿದರೆ ಇನ್ನೂ ಚೆಂದ.

ಇದು ಕೈಗೆ ಕೂತ ಮೇಲೆ ಜಿ ಮತ್ತು ಸಿ ನಡುವೆ ಇ ಮೈನರ್ ಸೇರಿಸಿ: 0-2-2-0. ಆರ್ಪೆಜಿಯೊ ಹೊಸದಾಗಿ ಕಲಿಯಬೇಕಿಲ್ಲ. ಜಿಯ ದಾರಿಯಲ್ಲೇ ಡಿ ತಂತಿಯ 0 ಇದ್ದಲ್ಲಿ 2, ಎ ತಂತಿಯ 5 ಇದ್ದಲ್ಲಿ 7 ಮಾಡಿ. ಆ 7ಕ್ಕೆ ಕಿರುಬೆರಳು ಎಟುಕದಿದ್ದರೆ ಇ ತಂತಿಯನ್ನು ಬೆರಳಿಡದೆ ಮೀಟಿ, ಸ್ವರ ಅದೇ.