ಕರೆಂಟ್ ಹೋದಾಗ ಕಾಣುವ ಕಲಾಕೃತಿ

ರಾಯಚೂರಿನ ನಮ್ಮ ಮನೆಯಲ್ಲಿ ಕರೆಂಟ್ ಇದ್ದಾಗ ಮಾತ್ರ ತೆರೆಯುವ ವೆಬ್ ಪುಟವೊಂದನ್ನು ಮಾಡಿದ್ದೇನೆ. ಅದರಲ್ಲಿ ಇರುವುದು ಒಂದೇ ಸಾಲು: 'ಈಗ ಕರೆಂಟ್ ಇದೆ.' ಕರೆಂಟ್ ಹೋದರೆ ಪುಟವೂ ಹೋಗುತ್ತದೆ. ಬೆಂಗಳೂರಲ್ಲಿ ಕೂತವರಿಗೆ ಬ್ರೌಸರ್ 'ಈ ಸೈಟ್ ಸಿಗುತ್ತಿಲ್ಲ' ಎನ್ನುತ್ತದೆ. ಕಲಾಕೃತಿ ಅಂದರೆ ಅದೇ.

ಕೆಣಕಬೇಕು ಅಂತಲೇ ಮಾಡಿದ್ದು. ನಮ್ಮೂರಿಗೆ ಸುಮಾರು 20 ಕಿಲೋಮೀಟರ್ ದೂರದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟ್ ತಯಾರಿಸುತ್ತಾರೆ. ಸಾಮರ್ಥ್ಯ 1,720 ಮೆಗಾವ್ಯಾಟ್. ಕರೆಂಟ್ ರಾಜ್ಯಕ್ಕೆಲ್ಲ ಹೋಗುತ್ತದೆ, ಬೂದಿ ನಮ್ಮ ಕಡೆಯೇ ಉಳಿಯುತ್ತದೆ. ಇದನ್ನೇ ಚಿತ್ರ ಬರೆದು ತೋರಿಸಿದರೆ ಸುಮ್ನೆ ಲೈಕ್ ಒತ್ತಿ ಮುಂದೆ ಹೋಗುತ್ತಾರೆ. ಪುಟ ತೆರೆಯದಿದ್ದರೆ ಸಿಟ್ಟು ಬರುತ್ತದೆ, ಅಲ್ವಾ? ನನಗೆ ಆ ಸಿಟ್ಟು ಬೇಕಿತ್ತು.

ಇಂಥ ಚೇಷ್ಟೆ ಹೊಸದಲ್ಲ. 'ಜೋಡಿ' ಹೆಸರಿನ ಇಬ್ಬರು ಯೂರೋಪಿನ ಕಲಾವಿದರು 1995ರಲ್ಲೇ ಪರದೆ ತುಂಬ ಅರ್ಥವಿಲ್ಲದ ಹಸಿರು ಅಕ್ಷರ ಚೆಲ್ಲಿದ್ದರು. ಅದರ ಸೋರ್ಸ್ ಕೋಡ್, ಅಂದರೆ ಪುಟದ ಹಿಂದಿನ ಬರಹ, ತೆರೆದರೆ ಬಾಂಬಿನ ನಕ್ಷೆ! 2020ರಲ್ಲಿ ಸೈಮನ್ ವೆಕರ್ಟ್ ಎಂಬ ಕಲಾವಿದ 99 ಮೊಬೈಲ್ ತುಂಬಿದ ಕೈಗಾಡಿ ಎಳೆದು, ಬರ್ಲಿನ್‌ನ ಖಾಲಿ ರಸ್ತೆಯಲ್ಲಿ ಟ್ರಾಫಿಕ್ ಜಾಮ್ ಇದೆ ಅಂತ ಗೂಗಲ್ ಮ್ಯಾಪ್ಸ್ ಬಾಯಲ್ಲಿ ಹೇಳಿಸಿದ. ನನಗೆ ಜಾಸ್ತಿ ಹಿಡಿಸಿದ್ದು ಇದು. ಕಂಪ್ಯೂಟರ್ ಗೊತ್ತಿಲ್ಲದ ನಮ್ಮ ಮಾವ ಕೂಡ ಕೇಳಿದ ತಕ್ಷಣ ನಕ್ಕರು.

ನನ್ನ ಸಾಮಾನು ಇಷ್ಟೇ: ಒಂದು ರಾಸ್ಪ್‌ಬೆರಿ ಪೈ (ಅಂಗೈಯಷ್ಟು ಪುಟ್ಟ ಕಂಪ್ಯೂಟರ್, ಪುಟ ಇರುವುದು ಇದರಲ್ಲೇ), ಒಂದು ರೌಟರ್. ಎರಡೂ ಇನ್ವರ್ಟರ್ ಇಲ್ಲದ ಲೈನಿನ ಪ್ಲಗ್ಗಿನಲ್ಲಿವೆ. "ಇನ್ವರ್ಟರ್ ಐತಲ್ಲ, ಇದಕ್ಯಾಕ ಕೊಟ್ಟಿಲ್ಲ?" ಅಂತ ಅವ್ವ ಈಗಲೂ ಕೇಳುತ್ತಾಳೆ. ಹೊರಗಿನವರು ಮನೆಯ ಪೈ ತನಕ ಬರಬೇಕಲ್ಲ, ಅದಕ್ಕೆ ಬೇರೆ ದುಡ್ಡು ಕಟ್ಟಿ ಸ್ಥಿರ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ತಗೊಂಡೆ. ಕರೆಂಟ್ ಫಟ್ ಅಂತ ಹೋದಾಗ ಮೆಮೊರಿ ಕಾರ್ಡ್ ಕೆಡುವುದುಂಟು. ಹಾಗಾಗಿ ಕಾರ್ಡಿನಿಂದ ಓದಲು ಮಾತ್ರ ಬಿಟ್ಟು, ಬರೆಯುವುದೆಲ್ಲ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ನಲ್ಲೇ ಆಗುವಂತೆ ಮಾಡಿದೆ. ಬ್ರೌಸರ್‌ಗೆ 'ಪ್ರತಿ ಇಟ್ಟುಕೊಳ್ಳಬೇಡ' ಅಂತಲೂ ಹೇಳಬೇಕು. ಇಲ್ಲದಿದ್ದರೆ ಇಲ್ಲಿ ಕರೆಂಟ್ ಹೋದರೂ ಅಲ್ಲಿ ಹಳೇ ಪುಟ ತೆರೆದು, ಕರೆಂಟ್ ಇದೆ ಅಂತ ಸುಳ್ಳು ಹೇಳುತ್ತದೆ. ಒಮ್ಮೊಮ್ಮೆ ಕರೆಂಟ್ ಇದ್ದು ನೆಟ್ ಹೋಗುತ್ತದೆ. ನೋಡುವವರಿಗೆ ಎರಡೂ ಒಂದೇ. ಇರಲಿ ಬಿಡಿ, ಅದೂ ಇಲ್ಲಿನ ಸುದ್ದಿಯೇ.

"ಸರ್, ನಿಮ್ಮ ಸೈಟ್ ಡೌನ್ ಆಗಿದೆ" ಅಂತ ಮೆಸೇಜ್ ಬರುತ್ತಿರುತ್ತವೆ. "ಹೌದು, ಫ್ಯಾನೂ ನಿಂತಿದೆ" ಅಂತ ಬರೆಯುತ್ತೇನೆ. ಕೆಲವರು ಕ್ಲೌಡ್‌ಗೆ (ಬೇರೆ ಕಂಪನಿಯ ಕಂಪ್ಯೂಟರಿಗೆ) ಹಾಕಿ ಅಂತ ಸಲಹೆ ಕೊಡುತ್ತಾರೆ.

ದೇವದುರ್ಗದ ಗೆಳೆಯನೊಬ್ಬ ತನ್ನ ಹೊಲದ ಪಂಪ್‌ಸೆಟ್ ಲೈನಿಗೆ ಇನ್ನೊಂದು ಪೈ ಹಾಕೋಣ ಅಂತಿದ್ದಾನೆ. ಪಂಪ್ ಓಡಿಸುವ ತ್ರೀ ಫೇಸ್ ಕರೆಂಟ್ ಬಂದಾಗ ಮಾತ್ರ ತೆರೆಯಬೇಕು. ಅಂದರೆ ಎಷ್ಟೋ ಸಲ ನಡುರಾತ್ರಿ. ನೋಡಬೇಕೆನ್ನುವವರು ಅವನಂತೆಯೇ ಅಲಾರಂ ಇಟ್ಟುಕೊಂಡು ಏಳಲಿ ಅನ್ನುವುದು ಅವನ ಹಟ. ಹೊಲಕ್ಕೆ ಬ್ರಾಡ್‌ಬ್ಯಾಂಡ್ ಇಲ್ಲ. ಸಿಮ್ ಹಾಕಿ ನೋಡುತ್ತಿದ್ದೇವೆ.