ನನ್ನ ಪೇಪರ್‌ಗಳನ್ನು ಎಲ್ಲರ ಬಳಕೆಗೆ ಬಿಟ್ಟ ಬಗೆ

ನನ್ನ ಸಂಶೋಧನೆ ನಡೆಯುವುದು ಜನರ ತೆರಿಗೆ ಹಣದಲ್ಲಿ. ಪೇಪರ್ ಬರೆದಿದ್ದಕ್ಕೆ ಜರ್ನಲ್‌ನವರು ನನಗೆ ದುಡ್ಡು ಕೊಡುವುದಿಲ್ಲ. ಅದನ್ನು ಓದಿ ತಪ್ಪು ಹುಡುಕಿಕೊಡುವ ರಿವ್ಯೂವರ್‌ಗಳಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಆದರೂ ಅಚ್ಚಾದ ಮೇಲೆ ಓದಬೇಕು ಅಂದರೆ ಚಂದಾ ಕಟ್ಟಬೇಕು. ಇದು ನನಗೆ ಸರಿ ಕಾಣಲಿಲ್ಲ. ಅದಕ್ಕೇ ಈಗ ನನ್ನ ಪ್ರತಿ ಪೇಪರನ್ನೂ ಯಾರು ಬೇಕಾದರೂ ಓದುವ, ಬಳಸುವ ಹಾಗೆ ಇಡುತ್ತೇನೆ.

ಓದುವುದು ಬೇರೆ, ಬಳಸುವುದು ಬೇರೆ. ಪುಕ್ಕಟೆ ಓದಲು ಸಿಕ್ಕರೆ ಅದು ಓಪನ್ ಆಕ್ಸೆಸ್ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆದರೆ ಓಪನ್ ಆಕ್ಸೆಸ್ ಅಂದರೇನು ಅಂತ ಹೇಳಿದ 2002ರ ಬುಡಾಪೆಸ್ಟ್ ಘೋಷಣೆಯಲ್ಲೇ ನಕಲು ಮಾಡುವುದು, ಹಂಚುವುದು, ಸಾಫ್ಟ್‌ವೇರ್‌ಗೆ ಡೇಟಾ ಆಗಿ ಕೊಡುವುದು ಎಲ್ಲವೂ ಸೇರಿದೆ. ಬರೆದವರ ಹೆಸರು ಹೇಳಬೇಕು, ಕೃತಿಯನ್ನು ಕೆಡಿಸಬಾರದು, ಅಷ್ಟೇ. ಈ ಬಳಸುವ ಹಕ್ಕು ಸಿಗಬೇಕಾದರೆ ಪೇಪರ್ ಮೇಲೆ ಲೈಸೆನ್ಸ್, ಅಂದರೆ ಬಳಕೆಯ ಅನುಮತಿ, ಇರಲೇಬೇಕು.

ಜರ್ನಲ್‌ಗೆ ಎಪಿಸಿ ಅನ್ನುವ ಪ್ರಕಟಣೆಯ ಶುಲ್ಕ ಕಟ್ಟಿದರೆ ಅವರೇ ತೆರೆದಿಡುತ್ತಾರೆ. ನಾನು ಆ ದಾರಿ ಹಿಡಿಯಲಿಲ್ಲ. ಅಷ್ಟು ದುಡ್ಡಿದ್ದರೆ ಸಂಶೋಧನೆಗೇ ಹಾಕಬಹುದು. ನಾನು ನಂಬಿರುವುದು ರೆಪಾಸಿಟರಿಯನ್ನು, ಅಂದರೆ ಪೇಪರ್‌ಗಳನ್ನು ಎಲ್ಲರಿಗೂ ಸಿಗುವಂತೆ ಕೂಡಿಡುವ ಆನ್‌ಲೈನ್ ಭಂಡಾರವನ್ನು. ಅಲ್ಲಿಗೆ ಹಾಕುವುದು ಲೇಖಕರ ಪ್ರತಿ. ರಿವ್ಯೂ ಮುಗಿದು, ತಿದ್ದಿ, ಸಂಪಾದಕರು ಒಪ್ಪಿದ ಪ್ರತಿ ಇರುತ್ತದಲ್ಲ, ಅದರಲ್ಲಿ ಜರ್ನಲ್‌ನ ಲೋಗೋ ಇರುವುದಿಲ್ಲ, ಪುಟದ ಅಂದಚೆಂದ ಇರುವುದಿಲ್ಲ. ಆದರೆ ವಿಷಯ ಪೂರ್ತಿ ಇರುತ್ತದೆ. ಒಪ್ಪಿಗೆಯ ಮೇಲ್ ಬಂದ ದಿನವೇ ಆ ಫೈಲನ್ನು ಬೇರೆ ಫೋಲ್ಡರಿಗೆ ಹಾಕಿಡುತ್ತೇನೆ. ತಿಂಗಳು ಬಿಟ್ಟು ಹುಡುಕಿದರೆ ಯಾವುದು ಕೊನೆಯ ಪ್ರತಿ ಅಂತ ತಿಳಿಯದೆ ಒದ್ದಾಡಬೇಕಾಗುತ್ತದೆ.

ಯಾವ ಪ್ರತಿಯನ್ನು ಎಲ್ಲಿ ಹಾಕಬಹುದು, ಎಷ್ಟು ತಿಂಗಳು ಕಾಯಬೇಕು ಅನ್ನುವುದು ಓಪನ್ ಪಾಲಿಸಿ ಫೈಂಡರ್ (ಹಿಂದಿನ ಹೆಸರು ಶೆರ್ಪಾ ರೋಮಿಯೋ) ಅನ್ನುವ ವೆಬ್‌ಸೈಟ್‌ನಲ್ಲಿ ಜರ್ನಲ್ ಹೆಸರು ಹಾಕಿದರೆ ಸಿಗುತ್ತದೆ. ಈ ಕಾಯುವ ಅವಧಿ ಈಗೀಗ ಕರಗುತ್ತಿದೆ. ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಚ್, ತನ್ನ ಹಣದಲ್ಲಿ ಆದ ಪೇಪರ್‌ಗಳಿಗೆ 2008ರ ನೀತಿಯಲ್ಲಿ 12 ತಿಂಗಳವರೆಗೆ ಕಾಯಲು ಬಿಟ್ಟಿತ್ತು. 2025ರ ಜುಲೈಯಿಂದ ಅದೂ ಇಲ್ಲ, ಪ್ರಕಟವಾದ ದಿನವೇ ತೆರೆದಿರಬೇಕು.

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಪೇಪರ್ ಕಳಿಸುವ ಮೊದಲೇ ಆಗಬೇಕು. ಕೃತಜ್ಞತೆಯ ಭಾಗದಲ್ಲೂ ಸಂಪಾದಕರಿಗೆ ಬರೆಯುವ ಪತ್ರದಲ್ಲೂ ಒಂದು ಸಾಲು ಸೇರಿಸುತ್ತೇನೆ: ‘ಈ ಪೇಪರ್ ಒಪ್ಪಿಗೆಯಾದಾಗ ಸಿದ್ಧವಾಗುವ ಲೇಖಕರ ಪ್ರತಿಗೆ ಸಿಸಿ ಬೈ ಲೈಸೆನ್ಸ್ ಕೊಟ್ಟಿದ್ದೇವೆ.’ ಸಿಸಿ ಬೈ ಅಂದರೆ ಬರೆದವರ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು ಅನ್ನುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್. ಹಕ್ಕು ಉಳಿಸಿಕೊಳ್ಳುವ ಈ ಕ್ರಮವನ್ನು ಪ್ಲಾನ್ ಎಸ್ ಅನ್ನುವ ಓಪನ್ ಆಕ್ಸೆಸ್ ಯೋಜನೆಗೆ ಸೇರಿದ ಅನುದಾನ ಸಂಸ್ಥೆಗಳು ಬಳಕೆಗೆ ತಂದವು. ಕಾಪಿರೈಟ್ ಫಾರ್ಮ್‌ಗೆ ಸಹಿ ಹಾಕಿದ ಮೇಲೆ ಹಕ್ಕು ಕೇಳುವುದು ಕಷ್ಟ, ಮೊದಲೇ ಹೇಳಿದ್ದರೆ ಮಾತಿಗೆ ಬಲ ಇರುತ್ತದೆ. ಹೆಚ್ಚಿನವರು ಸುಮ್ಮನೆ ಒಪ್ಪಿದ್ದಾರೆ. ಒಂದು ಜರ್ನಲ್‌ನವರು ಆ ಸಾಲು ತೆಗೆಯಲೇಬೇಕು ಅಂದರು. ಪೇಪರ್ ವಾಪಸ್ ತಗೊಂಡು ಬೇರೆ ಕಡೆ ಕಳಿಸಿದೆ. ತಡವಾಯಿತು, ಬೇಸರವಾಗಲಿಲ್ಲ.

ಜೊತೆಗೆ ಬರೆಯುವವರಿಗೆ ಸಿಸಿ ಬೈ ಅಂದರೆ ಸ್ವಲ್ಪ ಭಯ. ‘ಯಾರಾದರೂ ಮಾರಿಕೊಂಡರೆ?’ ಅಂತ ಕೇಳುತ್ತಾರೆ. ಮಾರಬಹುದು, ನಿಜ. ಆದರೆ ನಮ್ಮ ಹೆಸರು ಹಾಕಲೇಬೇಕು. ಪುಕ್ಕಟೆ ಪ್ರತಿಯೂ ಅಲ್ಲೇ ಇರುತ್ತದೆ. ಎನ್‌ಸಿ (ವ್ಯಾಪಾರಕ್ಕೆ ಬಳಸುವಂತಿಲ್ಲ) ಅನ್ನುವ ಷರತ್ತು ಸೇರಿಸಿದರೆ ಪಠ್ಯಪುಸ್ತಕ ಅಚ್ಚು ಹಾಕಿ ಮಾರುವ ಸಣ್ಣ ಪ್ರಕಾಶಕರೂ ಅನುಮತಿಗೆ ಅಲೆಯಬೇಕು. ಎನ್‌ಡಿ (ಬದಲಾಯಿಸಿ ಹಂಚುವಂತಿಲ್ಲ) ಸೇರಿಸಿದರೆ ಅನುವಾದ ಮಾಡಿ ಹಂಚಲೂ ಆಗದು. ಜ್ಞಾನ ಇನ್ನೊಂದು ಭಾಷೆಗೆ ಹೋಗದಂತೆ ನಾವೇ ಬೀಗ ಹಾಕಿದ ಹಾಗಲ್ವಾ?

ಒಬ್ಬ ಶಿಕ್ಷಕಿ ನನ್ನ ಒಂದು ಗ್ರಾಫನ್ನು ಮಕ್ಕಳಿಗಾಗಿ ಮತ್ತೆ ಬರೆದರು. ಅಕ್ಷದ ಹೆಸರುಗಳನ್ನು ತಮ್ಮ ಭಾಷೆಗೆ ತಂದರು, ಮೂರು ಗೆರೆಗಳಲ್ಲಿ ಒಂದನ್ನು ಬಿಟ್ಟರು. ಕೆಳಗೆ ಸಣ್ಣ ಅಕ್ಷರದಲ್ಲಿ ನಮ್ಮ ಹೆಸರು, ಪೇಪರ್‌ನ ಶೀರ್ಷಿಕೆ, ಡಿಒಐ (ಪೇಪರ್‌ನ ಶಾಶ್ವತ ಗುರುತು) ಲಿಂಕ್, ಲೈಸೆನ್ಸ್, ‘ಸರಳಗೊಳಿಸಿ ಅನುವಾದಿಸಿದೆ’ ಎಂಬ ಮಾತು. ನನ್ನನ್ನು ಕೇಳುವ ಅಗತ್ಯವೇ ಇರಲಿಲ್ಲ. ಆಮೇಲೆ ಖುಷಿಯಿಂದ ಕಳಿಸಿಕೊಟ್ಟರು. ಆ ಗ್ರಾಫ್ ನನ್ನದಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ.

ಪ್ರತಿಯನ್ನು ನನ್ನ ಸ್ವಂತ ಪುಟದಲ್ಲಿ ಮಾತ್ರ ಇಡುವುದಿಲ್ಲ, ಕೆಲಸ ಬದಲಾದರೆ ಲಿಂಕ್ ಸಾಯುತ್ತದೆ. ಸಂಸ್ಥೆಯ ರೆಪಾಸಿಟರಿ ಇಲ್ಲದಿದ್ದರೆ ಯುರೋಪಿನ ಭೌತಶಾಸ್ತ್ರ ಸಂಶೋಧನಾ ಸಂಸ್ಥೆ ಸರ್ನ್ ನಡೆಸುವ ಝೆನೊಡೊ ಅನ್ನುವ ರೆಪಾಸಿಟರಿ ಇದೆ, ಡಿಒಐ ಕೂಡ ಕೊಡುತ್ತದೆ. ಕೋಷ್ಟಕಗಳನ್ನು ಪಿಡಿಎಫ್ ಒಳಗೆ ಹೂಳದೆ ಸಿಎಸ್‌ವಿ ಅನ್ನುವ ಸರಳ ಕೋಷ್ಟಕ ಫೈಲ್ ಆಗಿ ಜೊತೆಗಿಡುತ್ತೇನೆ, ಯಾವ ಕಾಲಂ ಏನು ಅಂತ ರೀಡ್‌ಮಿ ಅನ್ನುವ ಒಂದು ವಿವರಣೆಯ ಫೈಲಿನಲ್ಲಿ ಬರೆಯುತ್ತೇನೆ. ಬೇರೆಯವರಿಂದ ತಂದ ಚಿತ್ರ ಇದ್ದರೆ ‘ಈ ಲೈಸೆನ್ಸ್ ಇದಕ್ಕೆ ಅನ್ವಯಿಸದು’ ಅಂತ ಅದರ ಕೆಳಗೇ ಹಾಕಬೇಕು. ಇನ್ನು ಜನರ ಗುರುತು ಸಿಗುವಂಥ ಮಾಹಿತಿ ಇದ್ದರೆ ಆ ಡೇಟಾವನ್ನು ನಾನು ತೆರೆದಿಡುವುದಿಲ್ಲ, ಯಾರನ್ನು ಸಂಪರ್ಕಿಸಬೇಕು ಅಂತಷ್ಟೇ ಬರೆಯುತ್ತೇನೆ.