ಎಸ್‌ಆರ್‌ಎಸ್ ಟ್ರಿಗರ್ ಅನ್ನು ಒಂದೇ ಸ್ಲಾಟ್‌ನ ಕಟ್ಟಿನಿಂದ ಬಿಡಿಸುವ ಬಗೆ

ಮೊಬೈಲ್‌ನಿಂದ ಬೇಸ್ ಸ್ಟೇಷನ್‌ಗೆ ಬರುವ ರೇಡಿಯೊ ಹಾದಿಯನ್ನು 5ಜಿ ಜಾಲ ಅಳೆಯುವುದು ಸೌಂಡಿಂಗ್ ರೆಫರೆನ್ಸ್ ಸಿಗ್ನಲ್, ಅಂದರೆ ಎಸ್‌ಆರ್‌ಎಸ್, ಎಂಬ ಸಂಕೇತದಿಂದ. ಟಿಡಿಡಿ (ಕಾಲವನ್ನು ಹಂಚಿಕೊಳ್ಳುವ) ಜಾಲದಲ್ಲಿ ಅಪ್‌ಲಿಂಕ್ (ಫೋನ್‌ನಿಂದ ಬೇಸ್ ಸ್ಟೇಷನ್‌ಗೆ) ಮತ್ತು ಡೌನ್‌ಲಿಂಕ್ (ಅಲ್ಲಿಂದ ಫೋನ್‌ಗೆ) ಎರಡೂ ಒಂದೇ ಆವರ್ತನವನ್ನು ಬಳಸುವುದರಿಂದ ಇದೇ ಅಳತೆಯನ್ನು ಆಧರಿಸಿ ಡೌನ್‌ಲಿಂಕ್ ಬೀಮ್‌ಗಳನ್ನೂ ರೂಪಿಸಲಾಗುತ್ತದೆ. ಹೀಗಾಗಿ ಅಳತೆ ಹಳತಾದರೆ ಎರಡೂ ದಿಕ್ಕಿನ ವೇಗ ಕುಗ್ಗುತ್ತದೆ. ಎಸ್‌ಆರ್‌ಎಸ್ ಅನ್ನು ನಿಯತ ಅವಧಿಗೊಮ್ಮೆ ಕಳುಹಿಸುವಂತೆ ಆರ್‌ಆರ್‌ಸಿ (ಫೋನ್‌ನ ಹೊಂದಿಕೆಗಳನ್ನು ಮೊದಲೇ ತಿಳಿಸುವ ಸಂದೇಶ) ಮೂಲಕ ನಿಗದಿಪಡಿಸಬಹುದು, ಮ್ಯಾಕ್ (ರೇಡಿಯೊ ಹಂಚಿಕೆ ನೋಡಿಕೊಳ್ಳುವ ಪದರ) ಆದೇಶದಿಂದ ಆರಂಭಿಸಿ ನಿಲ್ಲಿಸಬಹುದು, ಇಲ್ಲವೇ ಬೇಕೆನಿಸಿದಾಗ ಮಾತ್ರ ಡಿಸಿಐ (ನಿಯಂತ್ರಣ ಚಾನೆಲ್‌ನಲ್ಲಿ ಬರುವ ಚುಟುಕು ಆದೇಶ) ಸಂದೇಶ ಕಳುಹಿಸಿ ಪಡೆಯಬಹುದು. ಇಲ್ಲಿ ವಿವರಿಸುವುದು ಈ ಮೂರನೆಯ ವಿಧಾನವನ್ನು; ಆ ಡಿಸಿಐ ಕೋರಿಕೆಯೇ ಟ್ರಿಗರ್.

ಮೊದಲು ನಿಮ್ಮ ಜಾಲದ ಸ್ಲಾಟ್ (ಕಾಲದ ಚಿಕ್ಕ ತುಂಡು) ವಿನ್ಯಾಸವನ್ನು ಕಾಗದದ ಮೇಲೆ ಬರೆದುಕೊಳ್ಳಿ. ಎನ್78 ಎಂಬ 5ಜಿ ಬ್ಯಾಂಡ್‌ನಲ್ಲಿ ಉಪವಾಹಕಗಳ ನಡುವೆ 30 ಕಿಲೋಹರ್ಟ್ಸ್ ಅಂತರದೊಂದಿಗೆ ಬಳಕೆಯಲ್ಲಿರುವ ‘ಡಿ ಡಿ ಡಿ ಎಸ್ ಯು’ ವಿನ್ಯಾಸವನ್ನೇ ತೆಗೆದುಕೊಳ್ಳೋಣ. ಪ್ರತಿ ಸ್ಲಾಟ್ 0.5 ಮಿಲಿಸೆಕೆಂಡ್, ಇಡೀ ಸುತ್ತು 2.5 ಮಿಲಿಸೆಕೆಂಡ್. 0, 1, 2ನೇ ಸ್ಲಾಟ್‌ಗಳು ಡೌನ್‌ಲಿಂಕ್‌ಗೆ, 4ನೆಯದು ಅಪ್‌ಲಿಂಕ್‌ಗೆ ಮೀಸಲು. ವಿಶೇಷ (ಎಸ್) ಸ್ಲಾಟ್ ಆದ 3ನೆಯದರ 14 ಸಿಂಬಲ್‌ಗಳಲ್ಲಿ (ಸ್ಲಾಟ್‌ನ ಉಪಭಾಗಗಳು, ಎಣಿಕೆ 0ಯಿಂದ 13) 10 ಡೌನ್‌ಲಿಂಕ್, 2 ಫ್ಲೆಕ್ಸಿಬಲ್ (ಯಾವ ದಿಕ್ಕಿಗೂ ಮೀಸಲಲ್ಲದವು), ಕೊನೆಯ 2 ಅಪ್‌ಲಿಂಕ್ ಎಂದಿರಲಿ.

ಮುಂದಿನ ಹೆಜ್ಜೆ ರಿಸೋರ್ಸ್ ಸೆಟ್‌ಗಳ ಆಯ್ಕೆ. ಇಲ್ಲಿ ಒಂದು ಆಂಟೆನಾದ ಎಸ್‌ಆರ್‌ಎಸ್‌ಗೆ ಕೊಟ್ಟ ಜಾಗ ಒಂದು ರಿಸೋರ್ಸ್, ಒಟ್ಟಿಗೆ ಕೇಳುವ ರಿಸೋರ್ಸ್‌ಗಳ ಗುಂಪು ಒಂದು ಸೆಟ್. ಒಂದು ಆಂಟೆನಾದಿಂದ ಕಳುಹಿಸಿ ನಾಲ್ಕರಲ್ಲಿ ಸ್ವೀಕರಿಸುವ ಫೋನ್ ತನ್ನ ನಾಲ್ಕೂ ಆಂಟೆನಾಗಳನ್ನು ಸರದಿಯಂತೆ ಅಳೆಯಲು ಕೊಡಬೇಕು. ಒಂದೇ ಸ್ಲಾಟ್‌ನಲ್ಲಿ ಎರಡು ಆಂಟೆನಾಗಳ ನಡುವೆ ಒಂದು ಸಿಂಬಲ್ ಖಾಲಿ ಬಿಡಬೇಕು. ಹೀಗಾಗಿ ಎರಡು ಸ್ಲಾಟ್‌ಗಳಿಗೆ ಎರಡೆರಡು ಆಂಟೆನಾಗಳಂತೆ ಹಂಚಿದರೆ ಎಸ್ ಸ್ಲಾಟ್‌ನ ಎರಡೇ ಅಪ್‌ಲಿಂಕ್ ಸಿಂಬಲ್‌ಗಳು ಸಾಲುವುದಿಲ್ಲ. ಆದ್ದರಿಂದ ‘ಅ’ ಸೆಟ್‌ನಲ್ಲಿ 13ನೇ ಸಿಂಬಲ್‌ನ ಒಂದು ರಿಸೋರ್ಸ್ ಮಾತ್ರ ಇರಿಸಿ, ‘ಆ’ ಸೆಟ್‌ನಲ್ಲಿ 9, 11, 13ನೇ ಸಿಂಬಲ್‌ಗಳ ಮೂರು ರಿಸೋರ್ಸ್‌ಗಳನ್ನು ಇರಿಸಿ. ಒಂದೇ ಡಿಸಿಐ ಎರಡನ್ನೂ ಕೇಳುವಂತೆ ಎರಡಕ್ಕೂ ಒಂದೇ ಟ್ರಿಗರ್ ಸಂಖ್ಯೆ ಕೊಡಿ. ಡಿಸಿಐಯ ಎರಡು ಬಿಟ್‌ಗಳಲ್ಲಿ 00 ಎಂದರೆ ‘ಬೇಡ’ ಎಂದರ್ಥವಾದ್ದರಿಂದ ಮೂರು ಸಂಖ್ಯೆಗಳಷ್ಟೇ ಲಭ್ಯ. ಅವುಗಳನ್ನು ಜೋಪಾನವಾಗಿ ಬಳಸಬೇಕು.

ಈಗ ಮುಖ್ಯ ವಿಷಯ. 5ಜಿ ಮಾನದಂಡದ ಮೊದಲ ಆವೃತ್ತಿಯಾದ ರಿಲೀಸ್ 15ರ ನಿಯಮದಲ್ಲಿ ಡಿಸಿಐ ಬಂದ ಸ್ಲಾಟ್‌ನಿಂದ ಇಂತಿಷ್ಟು ಸ್ಲಾಟ್ ದಾಟಿ ಎಸ್‌ಆರ್‌ಎಸ್ ಹೊರಡಬೇಕು. ಆ ಅಂತರವನ್ನು ಆರ್‌ಆರ್‌ಸಿ ಮೊದಲೇ ಕಟ್ಟಿಹಾಕಿರುತ್ತದೆ. ‘ಅ’ ಸೆಟ್‌ಗೆ 3, ‘ಆ’ ಸೆಟ್‌ಗೆ 4 ಎಂದು ಕೊಟ್ಟರೆ 0ನೇ ಸ್ಲಾಟ್‌ನ ಡಿಸಿಐಗೆ ಎಲ್ಲವೂ ಸರಿಹೋಗುತ್ತದೆ. 1ನೇ ಸ್ಲಾಟ್‌ನಲ್ಲಿ ಕೇಳಿದರೆ ‘ಆ’ ಸೆಟ್ ಮುಂದಿನ ಸುತ್ತಿನ ಡೌನ್‌ಲಿಂಕ್ ಸ್ಲಾಟ್‌ಗೆ ಬಿದ್ದು ನಷ್ಟವಾಗುತ್ತದೆ. ಹೀಗೆ ಎಲ್ಲ ಬಳಕೆದಾರರ ಟ್ರಿಗರ್‌ಗಳೂ ಒಂದೇ ಸ್ಲಾಟ್‌ನ ನಿಯಂತ್ರಣ ಚಾನೆಲ್‌ನಲ್ಲಿ ನೂಕುನುಗ್ಗಲು ಮಾಡುತ್ತವೆ. ಇದು ಶೆಡ್ಯೂಲರ್‌ನ (ಯಾರಿಗೆ ಯಾವ ಸ್ಲಾಟ್ ಎಂದು ನಿರ್ಧರಿಸುವ ತಂತ್ರಾಂಶ) ದೋಷವಲ್ಲ, ಎಣಿಕೆಯ ಕ್ರಮದ ದೋಷ ಎಂಬುದು ನನ್ನ ದೃಢ ಅಭಿಪ್ರಾಯ.

ನಂತರದ ಆವೃತ್ತಿಯಾದ ರಿಲೀಸ್ 17 ಈ ಎಣಿಕೆಯನ್ನೇ ಬದಲಿಸಿತು: ಸೆಟ್‌ನ ಎಲ್ಲ ಸಿಂಬಲ್‌ಗಳೂ ಅಪ್‌ಲಿಂಕ್ ಅಥವಾ ಫ್ಲೆಕ್ಸಿಬಲ್ ಆಗಿದ್ದು, ಸಿದ್ಧತೆಗೆ ಬೇಕಾದ ಕನಿಷ್ಠ ಸಮಯವೂ ಸಿಗುವ ‘ಲಭ್ಯ ಸ್ಲಾಟ್’ಗಳನ್ನು ಮಾತ್ರ ಎಣಿಸಲಾಗುತ್ತದೆ. ಹಳೆಯ ಅಂತರವನ್ನು 0 ಎಂದಿರಿಸಿ, ಎರಡೂ ಸೆಟ್‌ಗಳಿಗೆ ಲಭ್ಯ ಸ್ಲಾಟ್‌ನ ಮೌಲ್ಯವನ್ನೂ 0, ಅಂದರೆ ಮೊದಲ ಲಭ್ಯ ಸ್ಲಾಟ್, ಎಂದು ಕೊಡಿ. ಆಗ 0, 1, 2 ಈ ಮೂರರಲ್ಲಿ ಯಾವ ಸ್ಲಾಟ್‌ನಲ್ಲಿ ಕೇಳಿದರೂ ‘ಅ’ 3ರಲ್ಲಿ, ‘ಆ’ 4ರಲ್ಲಿ ಹೊರಡುತ್ತದೆ. ಒಂದು ಸುತ್ತು ತಡವಾಗಿಸುವ ಅವಕಾಶವೂ ಬೇಕಿದ್ದರೆ ‘ಅ’ ಸೆಟ್‌ನ ಮೌಲ್ಯಗಳ ಪಟ್ಟಿಗೆ 2 ಅನ್ನೂ ‘ಆ’ ಸೆಟ್‌ನ ಪಟ್ಟಿಗೆ 1 ಅನ್ನೂ ಸೇರಿಸಿ. ‘ಅ’ ಸೆಟ್‌ಗೆ ಯು ಸ್ಲಾಟ್ ಕೂಡ ಲಭ್ಯವೇ ಆದ್ದರಿಂದ ಈ ವ್ಯತ್ಯಾಸ. ಯಾವುದನ್ನು ಆರಿಸಬೇಕೆಂದು ಡಿಸಿಐಯ ಒಂದೇ ಬಿಟ್ ತಿಳಿಸುತ್ತದೆ.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ಫ್ಲೆಕ್ಸಿಬಲ್ ಸಿಂಬಲ್ ಕೂಡ ಲಭ್ಯವೆಂದೇ ಎಣಿಕೆಯಾಗುವುದರಿಂದ, 11 ಮತ್ತು 13ನೇ ಸಿಂಬಲ್‌ಗಳ ಸೆಟ್ ಮಾಡಿದರೆ ಅದು ಎಸ್ ಸ್ಲಾಟ್‌ನ ಕಾವಲು ಅವಧಿಯೊಳಗೆ (ಡೌನ್‌ಲಿಂಕ್‌ನಿಂದ ಅಪ್‌ಲಿಂಕ್‌ಗೆ ಹೊರಳಲು ಬಿಟ್ಟ ಬಿಡುವು) ನುಗ್ಗುತ್ತದೆ. ಇನ್ನೊಂದು, 3ನೇ ಸ್ಲಾಟ್‌ನಲ್ಲಿ ಟ್ರಿಗರ್ ಕಳುಹಿಸುವುದು. ಆಂಟೆನಾ ಬದಲಾವಣೆಯ ಸೆಟ್‌ಗೆ ಸಾಮಾನ್ಯ ಸಾಮರ್ಥ್ಯದ ಫೋನ್ 30 ಕಿಲೋಹರ್ಟ್ಸ್‌ನಲ್ಲಿ ಕನಿಷ್ಠ 12 ಸಿಂಬಲ್‌ಗಳ ಸಮಯ ಕೇಳುತ್ತದೆ. ಡಿಸಿಐ ಮೊದಲೆರಡು ಸಿಂಬಲ್‌ಗಳನ್ನು ಆಕ್ರಮಿಸಿದ್ದರೆ 13ನೆಯದಕ್ಕೆ ಮುಂಚೆ ಉಳಿಯುವುದು 11 ಮಾತ್ರ. ಆಗ ‘ಅ’ ಕೂಡ 4ನೇ ಸ್ಲಾಟ್‌ಗೆ ಜಾರಿ ‘ಆ’ ಸೆಟ್‌ನೊಂದಿಗೆ ಡಿಕ್ಕಿಯಾಗುತ್ತದೆ. ಆದ್ದರಿಂದ 3ನೇ ಸ್ಲಾಟ್ ಅನ್ನು ಶೆಡ್ಯೂಲರ್‌ನಲ್ಲಿ ಟ್ರಿಗರ್‌ಗೆ ನಿಷೇಧಿಸಿ.

ಕಳುಹಿಸಲು ದತ್ತಾಂಶವಿಲ್ಲದ ಬಳಕೆದಾರನಿಗೂ ರಿಲೀಸ್ 17ರಲ್ಲಿ ಅಪ್‌ಲಿಂಕ್ ಡಿಸಿಐ ಮೂಲಕ ಟ್ರಿಗರ್ ನೀಡಬಹುದು. ಆದರೆ ಇವೆಲ್ಲ ಫೋನ್‌ನ ಸಾಮರ್ಥ್ಯ ವರದಿಯನ್ನು ಅವಲಂಬಿಸಿವೆ. ವರದಿಯಲ್ಲಿ ಬೆಂಬಲ ಕಾಣದ ಫೋನ್‌ಗಳಿಗೆ 3 ಮತ್ತು 4ರ ಹಳೆಯ ಅಂತರವನ್ನೇ ಉಳಿಸಿ, 0ನೇ ಸ್ಲಾಟ್‌ನ ನಿಯಂತ್ರಣ ಚಾನೆಲ್‌ನಲ್ಲಿ ಅವುಗಳಿಗೇ ಮೊದಲ ಸ್ಥಾನ ಕೊಡಿ. ಹೊಸ ಫೋನ್‌ಗಳನ್ನು 1 ಮತ್ತು 2ಕ್ಕೆ ಸರಿಸಿ.